ಎಣ್ಣೆ ಬಾವಿಗೆ ಬ್ಯಾಕ್ಟೀರಿಯಾ: ಕಾಕಂಬಿ ಇಳಿಸುವ ಮೊದಲು ಯಾವ ಲೆಕ್ಕ, ಯಾವ ಪರೀಕ್ಷೆ?

ಪದರಶೋಧ:
ಬ್ಯಾಕ್ಟೀರಿಯಾ ಬಳಸಿ ಭೂಗರ್ಭದಲ್ಲಿ ಉಳಿದ ಎಣ್ಣೆ ತೆಗೆಯುವ ವಿಧಾನಕ್ಕೆ ಎಂಇಒಆರ್ ಅನ್ನುತ್ತಾರೆ. ಇದರ ಬಗ್ಗೆ ಸಿಗುವ ಬರಹಗಳೆಲ್ಲ ‘ಬ್ಯಾಕ್ಟೀರಿಯಾ ಅನಿಲ, ಆಮ್ಲ, ಸೋಪಿನಂಥ ವಸ್ತು ತಯಾರಿಸುತ್ತವೆ, ಎಣ್ಣೆ ಹೊರಬರುತ್ತದೆ’ ಎಂಬಲ್ಲಿಗೆ ನಿಂತುಬಿಡುತ್ತವೆ. ಇಲ್ಲಿ ಅಂಕಿ ಸಮೇತ ಚರ್ಚಿಸೋಣ. ಲೆಕ್ಕಕ್ಕೆಂದು ಒಂದು ಬಾವಿ ಇಟ್ಟುಕೊಳ್ಳಿ: ಮರಳುಗಲ್ಲು, ಆಳ 1350 ಮೀಟರ್, ಪದರದ ದಪ್ಪ 8 ಮೀಟರ್, ರಂಧ್ರತೆ 20%, ಪಾರಗಮ್ಯತೆ (ದ್ರವ ಎಷ್ಟು ಸಲೀಸಾಗಿ ಹಾಯುತ್ತದೆ ಅನ್ನೋ ಅಳತೆ) 180 ಮಿಲಿಡಾರ್ಸಿ, ಉಷ್ಣತೆ 68 ಡಿಗ್ರಿ ಸೆಲ್ಸಿಯಸ್. ಬರುತ್ತಿರುವ ದ್ರವದಲ್ಲಿ 92% ನೀರೇ. ಬ್ಯಾಕ್ಟೀರಿಯಾ ಹೊರಗಿಂದ ತಂದು ಹಾಕಬೇಕಾ, ಒಳಗೆ ಇರುವುದಕ್ಕೇ ಆಹಾರ ಕೊಟ್ಟರೆ ಸಾಕಾ? ಉತ್ಪಾದನಾ ಬಾವಿಗೇ ಇಳಿಸಿ ಮುಚ್ಚಿಡೋದಾ, ಪದರಕ್ಕೆ ನೀರು ತಳ್ಳುವ ಇಂಜೆಕ್ಷನ್ ಬಾವಿಯಿಂದ ಕಳಿಸೋದಾ?

ರಂಧ್ರಲೆಕ್ಕ:
ಬ್ಯಾಕ್ಟೀರಿಯಾ ಆಮೇಲೆ. ಎಣ್ಣೆ ಯಾಕೆ ಉಳಿದಿದೆ ಅನ್ನೋದು ಮೊದಲು ಗೊತ್ತಾಗಬೇಕು. ಮುಖ್ಯವಾಗಿ ಎರಡು ಕಾರಣ, ಎರಡಕ್ಕೂ ಮದ್ದು ಬೇರೆ ಬೇರೆ.

ಒಂದು, ನೀರು ಹಾದುಹೋದ ಜಾಗದಲ್ಲೇ ರಂಧ್ರದ ಕೊರಳಲ್ಲಿ ಹನಿಹನಿಯಾಗಿ ಸಿಕ್ಕಿಕೊಂಡ ಎಣ್ಣೆ. ಇದನ್ನು ಕದಲಿಸೋದು ಕ್ಯಾಪಿಲರಿ ಸಂಖ್ಯೆಯ ಆಟ: ನೀರಿನ ಸ್ನಿಗ್ಧತೆಯನ್ನು ವೇಗದಿಂದ ಗುಣಿಸಿ, ಎಣ್ಣೆ–ನೀರಿನ ನಡುವಿನ ಎಳೆತದಿಂದ ಭಾಗಿಸಿ. ನೀರು ನುಗ್ಗಿಸಿ ಎಣ್ಣೆ ತಳ್ಳುವ ಮಾಮೂಲಿ ವಾಟರ್‌ಫ್ಲಡ್‌ನಲ್ಲಿ ಇದು ಕೋಟಿಯಲ್ಲಿ ಒಂದರಿಂದ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು. ಹನಿಗಳು ಗಣನೀಯವಾಗಿ ಕದಲಬೇಕಾದರೆ ಹತ್ತು ಸಾವಿರದಲ್ಲಿ ಒಂದಾದರೂ ಆಗಬೇಕು. ಅಂದರೆ ಎಳೆತ ನೂರರಿಂದ ಸಾವಿರ ಪಟ್ಟು ಇಳಿಯಬೇಕು. ಅರ್ಧಕ್ಕೋ ಕಾಲುಭಾಗಕ್ಕೋ ಇಳಿಸಿದರೆ ಒಂದು ಹನಿಯೂ ಅಲ್ಲಾಡುವುದಿಲ್ಲ.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಬ್ಯಾಸಿಲಸ್ ಬ್ಯಾಕ್ಟೀರಿಯಾ ತಯಾರಿಸುವ ಸರ್ಫ್ಯಾಕ್ಟಿನ್ ಎಂಬ ಸೋಪಿನಂಥ ವಸ್ತು ನೀರಿನ ಮೇಲ್ಮೈ ಎಳೆತವನ್ನು 72ರಿಂದ 27 ಮಿಲಿನ್ಯೂಟನ್/ಮೀಟರ್‌ಗೆ ಇಳಿಸುತ್ತದೆ ಅಂತ ಬರೆಯುತ್ತಾರೆ. ಅದು ಗಾಳಿ–ನೀರಿನ ನಡುವಿನ ಅಂಕಿ. ನಮಗೆ ಬೇಕಾದದ್ದು ಎಣ್ಣೆ–ನೀರಿನದು. ಆ ಬಾವಿಯದೇ ಎಣ್ಣೆ, ಆ ಪದರದ್ದೇ ನೀರು, ಆ ಉಷ್ಣತೆಯಲ್ಲೇ ಸ್ಪಿನ್ನಿಂಗ್ ಡ್ರಾಪ್ ಯಂತ್ರದಲ್ಲಿ ಅಳೆದದ್ದಾದರೆ ಮಾತ್ರ ನಂಬಿ.

ಎರಡನೆಯದು, ನೀರು ಹೋಗದೇ ಬಿಟ್ಟ ಜಾಗದ ಎಣ್ಣೆ. ಪದರದ ನಡುವೆ ಹೆಚ್ಚು ಪಾರಗಮ್ಯತೆಯ ಒಂದು ಪಟ್ಟಿ ಇದ್ದರೆ ನೀರೆಲ್ಲ ಅಲ್ಲೇ ನುಗ್ಗಿ ಉತ್ಪಾದನಾ ಬಾವಿಗೆ ಸೇರುತ್ತದೆ, ಮೇಲೂ ಕೆಳಗೂ ಎಣ್ಣೆ ಹಾಗೇ ಕೂತಿರುತ್ತದೆ. ಇದಕ್ಕೆ ಸೋಪು ಬೇಡ, ಬಿರಡೆ ಬೇಕು. ಇಂಜೆಕ್ಷನ್ ಬಾವಿಯಲ್ಲಿ ಸ್ಪಿನ್ನರ್ ಲಾಗ್ (ಯಾವ ಆಳದಲ್ಲಿ ಎಷ್ಟು ನೀರು ಹೋಗುತ್ತಿದೆ ಅನ್ನೋ ಅಳತೆ) ಓಡಿಸಿ, ಟ್ರೇಸರ್ (ನೀರಿನ ಜಾಡು ಹಿಡಿಯುವ ಗುರುತು ವಸ್ತು) ಹಾಕಿ ನೋಡಿ. ತಿಂಗಳುಗಟ್ಟಲೆ ಬೇಕಾದ ಟ್ರೇಸರ್ ಕೆಲವೇ ದಿನಕ್ಕೆ ಆ ಕಡೆ ಬಂದರೆ ನಿಮ್ಮದು ಎರಡನೇ ರೋಗ.

ಬಾವಿತಲೆ:
ಅನಿಲದ ವಿಚಾರ ಬಿಟ್ಟಿರಲ್ಲ ಸರ್. ಸಕ್ಕರೆ ಹುದುಗಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಪದರದ ಒತ್ತಡ ಏರುತ್ತದೆ, ಎಣ್ಣೆ ತೆಳುವಾಗುತ್ತದೆ. ಎಲ್ಲ ಕಡೆಯೂ ಮೊದಲ ಕಾರಣವಾಗಿ ಇದನ್ನೇ ಕೊಡುತ್ತಾರೆ.

ರಂಧ್ರಲೆಕ್ಕ:
ಕೊಡುತ್ತಾರೆ, ಆದರೆ ಲೆಕ್ಕಕ್ಕೆ ನಿಲ್ಲೋದಿಲ್ಲ. 180 ಗ್ರಾಂ ಗ್ಲೂಕೋಸ್ ಪೂರ್ತಿ ಎಥನಾಲ್ ದಾರಿಯಲ್ಲಿ ಹುದುಗಿದರೆ 88 ಗ್ರಾಂ ಅನಿಲ. 1 ಟನ್ ಸಕ್ಕರೆಗೆ ಸುಮಾರು 490 ಕಿಲೋ. ಭೂಮಿಯ ಮೇಲೆ ಅದು 250 ಘನಮೀಟರ್‌ನಷ್ಟು ಜಾಗ ಹಿಡಿಯುತ್ತದೆ, ಕೇಳೋಕೆ ದೊಡ್ಡದು. ಆದರೆ 100 ಬಾರ್ ಒತ್ತಡ, 50 ಡಿಗ್ರಿಯಲ್ಲಿ ಆ ಅನಿಲದ ಸಾಂದ್ರತೆ ಘನಮೀಟರ್‌ಗೆ 380 ಕಿಲೋ ದಾಟುತ್ತದೆ. 490 ಕಿಲೋ ಅಂದರೆ 1.3 ಘನಮೀಟರ್ ಅಷ್ಟೇ. ಅದೂ ಬೇರೆಯಾಗಿ ನಿಲ್ಲುವುದಿಲ್ಲ. ಸಕ್ಕರೆ 2% ದ್ರಾವಣದಲ್ಲಿ ಹೋಗಿದ್ದರೆ ಅನಿಲ ಆ ನೀರಿನ ತೂಕದ 1% ಆಗುತ್ತದೆ, ಆ ಒತ್ತಡದಲ್ಲಿ ನೀರು ಅದರ ಕೆಲವು ಪಟ್ಟು ಕರಗಿಸಿಕೊಳ್ಳಬಲ್ಲದು. ಗುಳ್ಳೆಯೇ ಏಳೋದಿಲ್ಲ. ಪ್ರಯೋಗಾಲಯದ ಬಾಟಲಿಯ ಬಿರಡೆ ಹಾರುವುದನ್ನು ನೋಡಿ 1350 ಮೀಟರ್ ಕೆಳಗೂ ಹಾಗೇ ಅಂದುಕೊಂಡಿದ್ದೇ ಈ ತಪ್ಪಿನ ಮೂಲ.

ಆಮ್ಲದ ಲೆಕ್ಕವೂ ಹಾಕಿಬಿಡೋಣ. 1 ಟನ್ ಸಕ್ಕರೆ ಅಷ್ಟೂ ಲ್ಯಾಕ್ಟಿಕ್ ಆಮ್ಲವಾದರೆ ಹೆಚ್ಚೆಂದರೆ 0.55 ಟನ್ ಸುಣ್ಣಕಲ್ಲು ಕರಗುತ್ತದೆ. ಗಾತ್ರದಲ್ಲಿ 0.2 ಘನಮೀಟರ್. ಬಾವಿಯ ಬಾಯಿಯ ಸುತ್ತ ಕಟ್ಟಿಕೊಂಡ ಕಾರ್ಬೊನೇಟ್ ಬಿಡಿಸೋಕೆ ಸಾಕು, ಪದರವನ್ನೇ ಬದಲಿಸೋಕೆ ಏನೇನೂ ಸಾಲದು.

ಬಾವಿತಲೆ:
ಒಪ್ಪಿದೆ. ಹಾಗಾದರೆ 1954ರಲ್ಲಿ ಅರ್ಕಾನ್ಸಾಸ್‌ನ ಲಿಸ್ಬನ್ ಫೀಲ್ಡ್‌ನಲ್ಲಿ ಕ್ಲಾಸ್ಟ್ರಿಡಿಯಂ ಅಸೆಟೊಬ್ಯುಟಿಲಿಕಂ ಜೊತೆ ಬೀಟ್ ಕಾಕಂಬಿ ಇಳಿಸಿದ ಪ್ರಯೋಗವನ್ನು ಓದುವಾಗಲೂ ಆಮ್ಲ ಮತ್ತು ಅನಿಲ ಕಂಡದ್ದನ್ನು ‘ಬ್ಯಾಕ್ಟೀರಿಯಾ ಬದುಕಿದವು’ ಅನ್ನೋದಕ್ಕೆ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಬೇಕು.

ಆಮ್ಲಜನಕರಹಿತ:
ಈಗ ಜೀವಿಗಳ ಕಡೆ. 68 ಡಿಗ್ರಿಯಲ್ಲಿ ಸಾಮಾನ್ಯ ಬ್ಯಾಸಿಲಸ್ ಸಬ್‌ಟಿಲಿಸ್ ಬೆಳೆಯೋದಿಲ್ಲ. ಬಿಸಿ ತಡೆಯುವ, ಗಾಳಿ ಬೇಡದ ಜಾತಿಗಳೇ ಬೇಕು. ಒಎನ್‌ಜಿಸಿ ಮತ್ತು ದೆಹಲಿಯ ಸಂಶೋಧನಾ ಸಂಸ್ಥೆ ಟೆರಿ ಜಂಟಿಯಾಗಿ ಪೇಟೆಂಟ್ ಪಡೆದ ಮಿಶ್ರಣದಲ್ಲಿ ಇರುವುದು ಥರ್ಮೊಅನೆರೊಬ್ಯಾಕ್ಟೀರಿಯಂ, ಥರ್ಮೊಟೋಗ, ಥರ್ಮೊಕೊಕಸ್ ಗುಂಪಿನವು. 70ರಿಂದ 90 ಡಿಗ್ರಿಯ ಬಾವಿಗಳಿಗೆಂದೇ ರೂಪಿಸಿದ್ದು.

ಆದರೆ ಉತ್ಪಾದನಾ ಬಾವಿಯ ಸುತ್ತ 68 ಡಿಗ್ರಿ ಇದ್ದರೂ, ವರ್ಷಗಟ್ಟಲೆ ತಣ್ಣೀರು ಕುಡಿದ ಇಂಜೆಕ್ಷನ್ ಬಾವಿಯ ಸುತ್ತ ಅಷ್ಟು ಇರುವುದಿಲ್ಲ. ಪದರದ ಉಷ್ಣತೆ ಅಂತ ಒಂದೇ ಅಂಕಿ ಹಿಡಿದು ಜಾತಿ ಆರಿಸಬೇಡಿ. ಯಾವ ಬಾವಿಯಿಂದ ಕಳಿಸುತ್ತೀರೋ ಅದರ ತಳಕ್ಕೆ ಥರ್ಮಾಮೀಟರ್ ಇಳಿಸಿ ಅಳೆಯಿರಿ.

ಮಾದರಿ ತೆಗೆಯೋ ಕ್ರಮ ಹೀಗೆ. ಟ್ಯಾಂಕಿನಿಂದ ಬೇಡವೇ ಬೇಡ, ಬಾವಿಯ ಬಾಯಿಯಾದ ವೆಲ್‌ಹೆಡ್‌ನಿಂದಲೇ ತೆಗೆಯಿರಿ. ಆ ಬಾವಿಗೆ ಡಿಮಲ್ಸಿಫೈಯರ್ (ಎಣ್ಣೆ–ನೀರು ಬೇರ್ಪಡಿಸುವ ರಾಸಾಯನಿಕ), ಬಯೋಸೈಡ್ (ಬ್ಯಾಕ್ಟೀರಿಯಾ ಕೊಲ್ಲುವ ರಾಸಾಯನಿಕ) ಹೋಗುತ್ತಿದ್ದರೆ ಹಿಂದಿನ ದಿನವೇ ನಿಲ್ಲಿಸಿ. ಕೊಳಾಯಿ ತೆರೆದು 15–20 ನಿಮಿಷ ಹರಿಯಬಿಟ್ಟು, ಬಾಟಲಿಯನ್ನು ಕಂಠಪೂರ್ತಿ ತುಂಬಿ, ಗಾಳಿ ಉಳಿಯದಂತೆ ಮುಚ್ಚಿ. ಎರಡು ದಿನದೊಳಗೆ ಕಲ್ಚರ್‌ಗೆ ಹೋಗಬೇಕು.

ಕಲ್ಚರ್‌ಗೆ ಸೀರಂ ಬಾಟಲಿ, ದಪ್ಪ ಬ್ಯುಟೈಲ್ ರಬ್ಬರ್ ಬಿರಡೆ, ಮೇಲೆ ಅಲ್ಯೂಮಿನಿಯಂ ಕ್ರಿಂಪ್. ಮಾಧ್ಯಮವನ್ನು ಕುದಿಸಿ, ನೈಟ್ರೋಜನ್ ಹಾಯಿಸುತ್ತಲೇ ತಣಿಸಿ. ಲೀಟರ್‌ಗೆ 1 ಮಿಲಿಗ್ರಾಂ ರೆಸಜುರಿನ್ (ಆಮ್ಲಜನಕ ತೋರಿಸುವ ಬಣ್ಣ), 0.5 ಗ್ರಾಂ ಸಿಸ್ಟೀನ್ (ಉಳಿದ ಆಮ್ಲಜನಕ ಕಳೆಯಲು). ಆಮ್ಲಜನಕ ಇರುವಷ್ಟು ಹೊತ್ತು ದ್ರಾವಣ ಗುಲಾಬಿ ಬಣ್ಣ, ಪೂರ್ತಿ ಹೋದಾಗ ಬಣ್ಣವೇ ಇರೋದಿಲ್ಲ. ಸಿರಿಂಜ್ ಚುಚ್ಚಿದ ಮೇಲೆ ಬಿರಡೆಯ ಕೆಳಗೆ ಎಳೆಯಷ್ಟು ತೆಳುವಾದ ಗುಲಾಬಿ ಉಂಗುರ ಕಂಡರೂ ಆ ಬಾಟಲಿ ಪಕ್ಕಕ್ಕಿಡಿ, ಗಾಳಿ ಸೇರಿದೆ.

ಒಂದೇ ಮಾದರಿಯನ್ನು 30 ಡಿಗ್ರಿಯಲ್ಲೂ 68 ಡಿಗ್ರಿಯಲ್ಲೂ ಬೆಳೆಸಿ. 30ರಲ್ಲಿ ಮಾತ್ರ ಬಂದದ್ದು ಮೇಲಿನ ಪೈಪಿನ ನಿವಾಸಿ ಇರಬಹುದು, 68ರಲ್ಲಿ ಬಂದದ್ದು ಪದರದ್ದು ಎನ್ನಲು ಆಧಾರ ಇದೆ. 80–90 ಡಿಗ್ರಿ ದಾಟಿದ ನಿಕ್ಷೇಪಗಳಲ್ಲಿ ಎಷ್ಟೋ ಸಲ ಏನೂ ಸಿಗುವುದಿಲ್ಲ. ಒಂದು ಕಾಲಕ್ಕೆ ಆಳದಲ್ಲಿ ಬೆಂದು ಆಮೇಲೆ ಮೇಲೆದ್ದು ತಣಿದ ಪದರವೂ ಹಾಗೇ ಬರಡಾಗಿ ಉಳಿದಿರಬಹುದು. ಸಿಕ್ಕಿದರೆ ಆಹಾರ ಕೊಡೋದು ಲೇಸು, ಅವು ಆ ಉಪ್ಪಿಗೂ ಬಿಸಿಗೂ ಈಗಾಗಲೇ ಒಗ್ಗಿವೆ. ಸಿಗದಿದ್ದರೆ ಮಾತ್ರ ಹೊರಗಿಂದ ತರುವ ಮಾತು.

ಹೊರಗಿನವನ್ನು ತಂದರೆ ಗಾತ್ರದ ತೊಡಕೂ ಇದೆ. ಕೊಬ್ಬಿದ ಕೋಶ 1–2 ಮೈಕ್ರಾನ್ ಉದ್ದ. ಅದು ಬಾವಿಯ ಗೋಡೆಯಲ್ಲೇ ತಂಗಿ ಅಂಟು ಸುರಿಸುತ್ತದೆ. ಉಪವಾಸ ಕೆಡವಿದ ಕೋಶ 0.3 ಮೈಕ್ರಾನ್‌ವರೆಗೆ ಕುಗ್ಗುತ್ತದೆ, ಅಂಟೂ ಇರುವುದಿಲ್ಲ, ಒಳಕ್ಕೆ ದೂರ ಸಾಗುತ್ತದೆ. ಅಲ್ಲಿಗೆ ಹೋದಮೇಲೆ ಆಹಾರ ಕಳಿಸಿದರೆ ಮತ್ತೆ ಮೈತುಂಬುತ್ತದೆ.

ಪದರಶೋಧ:
ಉತ್ಪಾದನಾ ಬಾವಿಗೇ ಇಳಿಸಿ ಮುಚ್ಚಿಡುವ ಹಫ್ ಅಂಡ್ ಪಫ್ ಅನ್ನೇ ಮಾಡುವುದಾದರೆ ಪ್ರಮಾಣ ಎಷ್ಟು?

ಬಾವಿತಲೆ:
ಎಷ್ಟು ದೂರ ಮುಟ್ಟಬೇಕು ಅನ್ನೋದರ ಮೇಲೆ. ಸುತ್ತ 5 ಮೀಟರ್ ಅಂದುಕೊಳ್ಳಿ. 3.14 × 25 × 8 = 628 ಘನಮೀಟರ್ ಬಂಡೆ. 20% ರಂಧ್ರ ಅಂದರೆ 126. ಅದರಲ್ಲಿ 30% ಎಣ್ಣೆ ಕೂತಿದೆ ಅಂದರೆ ನೀರಿಗೆ ಸಿಗೋದು 88 ಘನಮೀಟರ್. 10 ಮೀಟರ್‌ಗೆ ಮಾಡಿದರೆ ನಾಲ್ಕು ಪಟ್ಟು, 352. 88 ಘನಮೀಟರ್‌ಗೆ 2% ಕಾಕಂಬಿ ಅಂದರೆ ಸುಮಾರು 1760 ಕಿಲೋ, ಅದರಲ್ಲಿ ಸಕ್ಕರೆ ಹತ್ತಿರಹತ್ತಿರ ಅರ್ಧ.

ಕ್ರಮ: ಬಯೋಸೈಡ್ ತಗಲಿದ ಟ್ಯಾಂಕು, ಲೈನು ಯಾವುದನ್ನೂ ಬಳಸಬೇಡಿ. ನೂರಾರು ಲೀಟರ್ ಕಲ್ಚರ್ ಗ್ಲುಟರಾಲ್ಡಿಹೈಡ್ ಉಳಿದ ಟ್ಯಾಂಕಿಗೆ ಬಿದ್ದರೆ ಬಾವಿಗೆ ಇಳಿಯುವ ಮೊದಲೇ ಸತ್ತಿರುತ್ತದೆ. ದ್ರಾವಣಕ್ಕೆ ಸಿಹಿನೀರು ಬೇಡ, ಪದರದ ಜೇಡಿ ಉಬ್ಬಿ ರಂಧ್ರ ಮುಚ್ಚುತ್ತದೆ. ಅದೇ ಬಾವಿಯ ಸೋಸಿದ ನೀರು, ಇಲ್ಲವೇ 2% ಪೊಟ್ಯಾಸಿಯಂ ಕ್ಲೋರೈಡ್ ನೀರು. ಒತ್ತಡ ಬಂಡೆ ಸೀಳುವ ಮಿತಿಗಿಂತ ಕೆಳಗೇ ಇರಲಿ, ಸೀಳಿದರೆ ಅಷ್ಟೂ ಆಹಾರ ಆ ಒಂದು ಬಿರುಕಿನಲ್ಲಿ ಓಡಿಹೋಗುತ್ತದೆ.

ಕೊನೆಯ ಹೆಜ್ಜೆಯನ್ನೇ ಬಹಳ ಜನ ಮರೆಯೋದು: ಹಿಂದಿನಿಂದ ಬರೀ ಉಪ್ಪುನೀರು ತಳ್ಳಬೇಕು. 2⅞ ಇಂಚಿನ ಟ್ಯೂಬಿಂಗ್ (ಬಾವಿಯೊಳಗಿನ ಪೈಪು) ಮೀಟರ್‌ಗೆ 3 ಲೀಟರ್ ಹಿಡಿಯುತ್ತದೆ, 1350 ಮೀಟರ್‌ಗೆ 4.1 ಘನಮೀಟರ್. 6–8 ಘನಮೀಟರ್ ತಳ್ಳಿ. ಕಾಕಂಬಿ ಟ್ಯೂಬಿಂಗಿನಲ್ಲೋ ಪರ್ಫೊರೇಷನ್ ತೂತುಗಳಲ್ಲೋ ಉಳಿದರೆ ಅಲ್ಲೇ ಲೋಳೆ ಕಟ್ಟುತ್ತದೆ. ಬಾವಿ ತೆರೆದಾಗ ಹರಿವು ಮೊದಲಿಗಿಂತ ಕಡಿಮೆ ಬಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಮುಚ್ಚಿಡೋದು 1ರಿಂದ 3 ವಾರ. ತೆರೆಯುವಾಗ ಚೋಕ್ (ಹರಿವು ತಗ್ಗಿಸುವ ಕವಾಟ) ಸಣ್ಣದಾಗಿ ಇಟ್ಟು ನಿಧಾನ ತೆರೆಯಿರಿ, ಮರಳು ಎಳೆದುಕೊಳ್ಳದ ಹಾಗೆ.

ಸಕ್ಕರೆಗಸಿ:
ಕಾಕಂಬಿ ಬಗ್ಗೆ ನಾನು ಸೇರಿಸುತ್ತೇನೆ. ಮಂಡ್ಯ, ಬೆಳಗಾವಿ ಕಡೆಯಿಂದ ಬರುವುದೆಲ್ಲ ಕಬ್ಬಿನ ಕಾಕಂಬಿ, ಅಮೆರಿಕದ ಹಳೇ ಪ್ರಯೋಗದ ಬೀಟ್ ಕಾಕಂಬಿ ಅಲ್ಲ. ನಮ್ಮ ಬಹುಪಾಲು ಕಾರ್ಖಾನೆಗಳು ರಸವನ್ನು ಸುಣ್ಣ ಮತ್ತು ಗಂಧಕದ ಹೊಗೆಯಿಂದ ತಿಳಿಗೊಳಿಸುತ್ತವೆ. ಹಾಗಾಗಿ ಕಾಕಂಬಿಯಲ್ಲಿ ಸಲ್ಫೇಟ್, ಸಲ್ಫೈಟ್, ಕ್ಯಾಲ್ಸಿಯಂ ಉಳಿದಿರುತ್ತವೆ. ಬಾವಿಗೆ ಈ ಮೂರೂ ಬೇಡದ ವಸ್ತುಗಳೇ. ಲೋಡ್ ಬಂದ ಕೂಡಲೇ ಸಲ್ಫೇಟ್ ಅಳೆಸಿ, ಹೆಚ್ಚಿದ್ದರೆ ಗ್ಲೂಕೋಸ್ ಸಿರಪ್ಪಿಗೆ ಹೋಗಿ.

ಎರಡನೆಯದು ಗಸಿ. 2% ದ್ರಾವಣ ಮಾಡಿ 0.45 ಮೈಕ್ರಾನ್ ಪೊರೆಯಲ್ಲಿ ಒಂದು ಲೀಟರ್ ಸೋಸಿ ನೋಡಿ. ಕೆಲವು ನೂರು ಮಿಲಿಲೀಟರ್‌ಗೇ ಪೊರೆಯ ಮೇಲೆ ಕಂದು ಲೋಳೆ ಕಟ್ಟಿ ಹನಿ ಬೀಳೋದು ನಿಂತರೆ, 180 ಮಿಲಿಡಾರ್ಸಿ ಮರಳುಗಲ್ಲಿನ ಮುಖವೂ ಹಾಗೇ ಕಟ್ಟುತ್ತದೆ. ತೆಳು ಮಾಡಿ, ಬಿಸಿಮಾಡಿ, ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಕಾರ್ಟ್ರಿಜ್ ಫಿಲ್ಟರ್ ಹಾಯಿಸಿ ಕಳಿಸಿ.

ಆಮ್ಲಜನಕರಹಿತ:
ಇದರ ಜೊತೆ ಜಾರ್ ಪರೀಕ್ಷೆ ಕಡ್ಡಾಯ. ಪದರದ ನೀರಿಗೆ ಪೂರ್ತಿ ಆಹಾರ ಬೆರೆಸಿ, ಬ್ಯಾಕ್ಟೀರಿಯಾ ಇಲ್ಲದೆ, ಪದರದ ಉಷ್ಣತೆಯಲ್ಲಿ 24 ಗಂಟೆ ಇಡಿ. ಬಿಳಿ ಮಡ್ಡಿ ಕೂತರೆ ಅದು ಕ್ಯಾಲ್ಸಿಯಂ ಫಾಸ್ಫೇಟ್ ಇರಬೇಕು. ಫಾಸ್ಫೇಟ್ ಇಳಿಸಿ, ಇಲ್ಲವೇ ಪಾಲಿಫಾಸ್ಫೇಟ್ ರೂಪದಲ್ಲಿ ಕೊಟ್ಟು ನೋಡಿ. ಸಾರಜನಕಕ್ಕೆ ಅಗ್ಗ ಅಂತ ಯೂರಿಯಾ ಹಾಕಬೇಡಿ. ಅದನ್ನು ಒಡೆಯುವ ಬ್ಯಾಕ್ಟೀರಿಯಾ ಕಾರ್ಬೊನೇಟ್ ಬಿಟ್ಟು ಕ್ಷಾರ ಏರಿಸುತ್ತವೆ, ನೀರಿನ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ರಂಧ್ರದಲ್ಲೇ ಗಟ್ಟಿಯಾಗುತ್ತದೆ.

ವಾಸನೆ_ನಂಬಬೇಡಿ:
ಸಲ್ಫೇಟ್ ಮಾತು ಬಂದಿದ್ದು ಒಳ್ಳೇದಾಯಿತು, ಯಾಕೆಂದರೆ ಇದು ಜೀವದ ಪ್ರಶ್ನೆ. ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾ ಎಲ್ಲ ಹಳೇ ವಾಟರ್‌ಫ್ಲಡ್‌ನಲ್ಲೂ ಇವೆ ಅಂತಲೇ ಹಿಡಿಯಿರಿ. ಆಹಾರ ಸಿಕ್ಕರೆ 96 ಗ್ರಾಂ ಸಲ್ಫೇಟಿಗೆ 34 ಗ್ರಾಂ ಹೈಡ್ರೋಜನ್ ಸಲ್ಫೈಡ್. ನೀರಿನಲ್ಲಿ ಲೀಟರ್‌ಗೆ 100 ಮಿಲಿಗ್ರಾಂ ಸಲ್ಫೇಟ್ ಇದ್ದರೆ 35 ಮಿಲಿಗ್ರಾಂ ಸಲ್ಫೈಡ್ ಹುಟ್ಟುವ ಅವಕಾಶ ಇದೆ.

ಮೊದಲೇ ಎಣಿಸಿ: ಮಾದರಿಯ 1 ಮಿಲಿಲೀಟರನ್ನು 9 ಮಿಲಿಲೀಟರ್ ಮಾಧ್ಯಮಕ್ಕೆ, ಅಲ್ಲಿಂದ 1 ಮುಂದಿನ ಬಾಟಲಿಗೆ, ಹೀಗೆ ಆರು ಬಾಟಲಿ. ಪದರದ ಉಷ್ಣತೆಯಲ್ಲಿ 28 ದಿನ. ಒಳಗಿಟ್ಟ ಕಬ್ಬಿಣದ ಮೊಳೆಯ ಸುತ್ತ ಮೊದಲು ಕಾಡಿಗೆಯಂತೆ ಕಪ್ಪಾಗಿ, ಆಮೇಲೆ ಇಡೀ ಬಾಟಲಿ ಕಪ್ಪಾಗುತ್ತದೆ. ನಾಲ್ಕನೆಯದರವರೆಗೆ ಕಪ್ಪಾದರೆ ಮಿಲಿಲೀಟರ್‌ಗೆ ಸಾವಿರದಿಂದ ಹತ್ತು ಸಾವಿರ.

ತಡೆ ಅಂದರೆ ನೈಟ್ರೇಟ್. ನೈಟ್ರೇಟ್ ಉಸಿರಾಡುವ ಜೀವಿಗಳು ಅದೇ ಆಹಾರಕ್ಕೆ ಪೈಪೋಟಿ ಕೊಡುತ್ತವೆ, ಅವು ಬಿಡುವ ನೈಟ್ರೈಟ್ ಸಲ್ಫೇಟ್ ಬ್ಯಾಕ್ಟೀರಿಯಾದ ಕಿಣ್ವವನ್ನೇ ತಡೆಯುತ್ತದೆ. ನಾರ್ವೆಯ ಸಮುದ್ರದ ಫೀಲ್ಡ್‌ಗಳಲ್ಲಿ ಇಂಜೆಕ್ಷನ್ ನೀರಿಗೆ ನೈಟ್ರೇಟ್ ಹಾಕಿ ಸಲ್ಫೈಡ್ ಇಳಿಸಿದ್ದಾರೆ. ಆದರೆ ನೈಟ್ರೈಟ್ ಉಳಿದುಕೊಂಡರೆ ಉಕ್ಕು ತಿನ್ನಬಹುದು, ಕೊರೋಷನ್ ಕೂಪನ್ (ಸವೆತ ಅಳೆಯುವ ಉಕ್ಕಿನ ತುಂಡು) ಹಾಕಿ ಗಮನಿಸುತ್ತಿರಿ.

ಬಾವಿ ತೆರೆಯುವ ದಿನ ವೈಯಕ್ತಿಕ ಅನಿಲ ಮಾಪಕ ಇಲ್ಲದೆ ಯಾರೂ ವೆಲ್‌ಹೆಡ್ ಹತ್ತಿರ ಹೋಗಕೂಡದು. ಮಾಪಕ 10 ಪಿಪಿಎಂಗೆ ಕೂಗಬೇಕು. 100 ಪಿಪಿಎಂ ಆಸುಪಾಸಿನಲ್ಲಿ ಮೂಗೇ ಸೋಲುತ್ತದೆ, ಕೊಳೆತ ಮೊಟ್ಟೆಯ ವಾಸನೆ ‘ಹೋಯಿತು’ ಅನ್ನಿಸುತ್ತದೆ. ಆ ಅನಿಲ ಗಾಳಿಗಿಂತ ಭಾರ, ವೆಲ್‌ಹೆಡ್ ಕೆಳಗಿನ ಸೆಲ್ಲಾರ್ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಗುಂಡಿಗೆ ಬಿದ್ದವರನ್ನು ಎತ್ತಲು ಉಸಿರಾಟದ ಸೆಟ್ ಇಲ್ಲದೆ ಇಳಿದವರೂ ಅಲ್ಲೇ ಬೀಳುತ್ತಾರೆ. ದಯವಿಟ್ಟು ಇದನ್ನು ಕೆಲಸದವರಿಗೆ ಅವರ ಭಾಷೆಯಲ್ಲೇ, ಬಾವಿಯ ಪಕ್ಕ ನಿಲ್ಲಿಸಿ ಹೇಳಿ.

ಪದರಶೋಧ:
ಬಿರಡೆ ದಾರಿಯ ವಿವರ ಯಾರಾದರೂ ಬರೆಯುತ್ತೀರಾ? ನನ್ನ ಉದಾಹರಣೆಯ ಬಾವಿಗೆ ಅದೇ ಸರಿ ಅನ್ನಿಸುತ್ತಿದೆ.

ರಂಧ್ರಲೆಕ್ಕ:
ನನಗೂ ಅದೇ ಸರಿ ಅನ್ನಿಸುತ್ತದೆ. ಇಡೀ ಎಂಇಒಆರ್‌ನಲ್ಲಿ ಗಾತ್ರದ ಲೆಕ್ಕಕ್ಕೆ ಚೆನ್ನಾಗಿ ಒಗ್ಗುವ ಕೆಲಸ ಇದು. ಕೊರಳು ಮುಚ್ಚಲು ಸ್ವಲ್ಪವೇ ಲೋಳೆ ಸಾಕು. ಆಹಾರ ತಾನಾಗೇ ನೀರು ಹೆಚ್ಚು ನುಗ್ಗುವ ಪಟ್ಟಿಗೇ ಹೋಗುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಹೆಚ್ಚು ಬೆಳೆಯುತ್ತವೆ, ನೀರು ದಾರಿ ಬದಲಿಸಿ ಎಣ್ಣೆ ಇರುವ ಕಡೆ ತಿರುಗುತ್ತದೆ.

ಅಲಬಾಮಾದ ನಾರ್ತ್ ಬ್ಲೋಹಾರ್ನ್ ಕ್ರೀಕ್‌ನಲ್ಲಿ 1994ರಲ್ಲಿ ಶುರುವಾದ ಕೆಲಸ ಓದಲೇಬೇಕಾದದ್ದು. ಹೊರಗಿನ ಬ್ಯಾಕ್ಟೀರಿಯಾ ಒಂದೂ ಹಾಕಲಿಲ್ಲ. ಇಂಜೆಕ್ಷನ್ ನೀರಿಗೆ ಪೊಟ್ಯಾಸಿಯಂ ನೈಟ್ರೇಟ್ 0.12%, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.034%, ಕೆಲವು ಬಾವಿಗಳಿಗೆ ಜೊತೆಗೆ ಕಾಕಂಬಿ. 100 ಘನಮೀಟರ್‌ಗೆ 120 ಕಿಲೋ ಮತ್ತು 34 ಕಿಲೋ, ಗೊಬ್ಬರದ ಅಂಗಡಿಯ ಲೆಕ್ಕ. ನಾಲ್ಕು ಗುಂಪಿನ ಬಾವಿಗಳಿಗೆ ಆಹಾರ, ಇನ್ನು ನಾಲ್ಕು ಗುಂಪುಗಳನ್ನು ಹೋಲಿಕೆಗೆಂದು ಹಾಗೇ ಬಿಟ್ಟರು. ಹೊರಬಂದ ಎಣ್ಣೆಯ ಗ್ಯಾಸ್ ಕ್ರೊಮೆಟೋಗ್ರಾಂ (ಅದರ ಘಟಕಗಳ ನಕ್ಷೆ) ತೆಗೆದು, ಹಿಂದೆ ನೀರು ಮುಟ್ಟದ ಜಾಗದ ಎಣ್ಣೆ ಬರುತ್ತಿದೆಯಾ ಅಂತಲೂ ನೋಡಿದರು.

ಕೆಡೋದು ಎಲ್ಲಿ ಅಂದರೆ ಬಾವಿಯ ಮುಖದಲ್ಲೇ. ಆಹಾರವನ್ನು ಎಡೆಬಿಡದೆ ಕಳಿಸಿದರೆ ಮೊದಲ ಒಂದೆರಡು ಅಡಿಯಲ್ಲೇ ತಿಂದು ಮುಗಿಸುತ್ತವೆ, ಅಲ್ಲೇ ಗೋಡೆ ಕಟ್ಟುತ್ತದೆ. ಅದಕ್ಕೇ ಕಂತಿನಲ್ಲಿ ಕಳಿಸೋದು: ವಾರದಲ್ಲಿ ಕೆಲವು ದಿನ ಕೆಲವೇ ಗಂಟೆ ಆಹಾರ, ನಡುವೆ ಬರೀ ನೀರು. ಹಾಲ್ ಪ್ಲಾಟ್ (ಒಟ್ಟು ಇಳಿಸಿದ ನೀರಿಗೆ ಎದುರಾಗಿ ಒತ್ತಡದ ಒಟ್ಟು ಮೊತ್ತದ ಗೆರೆ) ದಿನವೂ ಹಾಕಿ. ಗೆರೆಯ ಏರು ನಿಧಾನಕ್ಕೆ ಕಡಿದಾದರೆ ಆಳದಲ್ಲಿ ಮುಚ್ಚುತ್ತಿರಬಹುದು. ಎರಡು ಮೂರು ದಿನದಲ್ಲಿ ದಿಢೀರನೆ ಎದ್ದರೆ ಮುಖ ಕಟ್ಟಿದೆ, ಆಹಾರ ನಿಲ್ಲಿಸಿ ಹೈಪೋಕ್ಲೋರೈಟ್‌ನಿಂದ ತೊಳೆಯಿರಿ. ಆದರೆ ಆಮ್ಲ ಹಾಕಿದ್ದರ ಬೆನ್ನಿಗೇ ಅದು ಬೇಡ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಬಾವಿತಲೆ:
ಗಾಳಿ ಬೆರೆಸಿದ ನೀರು ಕಳಿಸುವ ವಿಧಾನವನ್ನೂ ಒಂದು ಮಾತಲ್ಲಿ ಮುಗಿಸಿಬಿಡುತ್ತೇನೆ. ಟಾಟರ್‌ಸ್ತಾನದ ಬೊಂಡ್ಯುಜ್‌ಸ್ಕೊಯೆ, ನಾರ್ವೆಯ ನೋರ್ನೆ ಎರಡೂ ಕಡೆ ಎಣ್ಣೆಯನ್ನೇ ತಿನ್ನುವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ, ನೈಟ್ರೇಟ್, ಫಾಸ್ಫೇಟ್‌ನಂಥ ಲವಣ ಕೊಡುವ ದಾರಿ ಹಿಡಿದರು. 25 ಡಿಗ್ರಿಯ ನೀರು ಲೀಟರ್‌ಗೆ 8 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 1 ಗ್ರಾಂ ಎಣ್ಣೆ ಪೂರ್ತಿ ಉರಿಯಲು ಸುಮಾರು 3.4 ಗ್ರಾಂ ಬೇಕು. ಒಂದು ಘನಮೀಟರ್ ನೀರು ತಿನ್ನಿಸೋದು ಎರಡು ಚಿಲ್ಲರೆ ಗ್ರಾಂ ಎಣ್ಣೆ ಅಷ್ಟೇ. ಪರಿಣಾಮ ಬಹಳ ನಿಧಾನ, ಟ್ಯೂಬಿಂಗಿಗೆ ತುಕ್ಕು ಮಾತ್ರ ಬೇಗ.

ಸಕ್ಕರೆಗಸಿ:
ಮೇಣ ಕಟ್ಟುವ ಬಾವಿಗಳಿಗೆ ಇದೇ ಬ್ಯಾಕ್ಟೀರಿಯಾ ನಡೆಯುತ್ತದಾ?

ಬಾವಿತಲೆ:
ಜಾತಿ ಬೇರೆ, ಕೆಲಸವೂ ಬೇರೆ. ಅಲ್ಲಿ ಪದರದ ಗೊಡವೆ ಇಲ್ಲ, ಟ್ಯೂಬಿಂಗ್ ಒಳಗಿನ ಪ್ಯಾರಫಿನ್ ಅಂಟದಂತೆ ತಡೆಯೋದಷ್ಟೇ. ಪ್ಯಾರಫಿನ್ ತಿನ್ನುವ ಕಲ್ಚರನ್ನು ಪೋಷಕಾಂಶದ ಜೊತೆ ಟ್ಯೂಬಿಂಗಿನ ಹೊರಗಿನ ಸಂದಿ, ಅಂದರೆ ಆನ್ಯುಲಸ್‌ನಿಂದ ಇಳಿಸಿ, ಒಂದರಿಂದ ಮೂರು ದಿನ ಮುಚ್ಚಿಟ್ಟು ತೆರೆಯುತ್ತಾರೆ. ಒಎನ್‌ಜಿಸಿ–ಟೆರಿ ಜಂಟಿ ಕಂಪನಿ ಈ ಸೇವೆಯನ್ನೂ ಕೊಡುತ್ತದೆ. ಬಿಸಿ ಎಣ್ಣೆ ಸುರಿದರೆ ಕರಗಿದ ಮೇಣ ಕೆಳಗಿಳಿದು ಪರ್ಫೊರೇಷನ್‌ನಲ್ಲೇ ಮತ್ತೆ ಹೆಪ್ಪುಗಟ್ಟುವ ತೊಂದರೆ ಇದೆ, ಇಲ್ಲಿ ಅದಿಲ್ಲ. ಒಂದೇ ಷರತ್ತು, ಬಾವಿಯಲ್ಲಿ ಸ್ವಲ್ಪವಾದರೂ ನೀರು ಬರುತ್ತಿರಬೇಕು. ಒಣ ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಬಾಳುವುದಿಲ್ಲ.

ಪದರಶೋಧ:
ಕೊನೆಯದಾಗಿ, ಹೆಚ್ಚು ಬಂದ ಎಣ್ಣೆ ಬ್ಯಾಕ್ಟೀರಿಯಾದ್ದೇ ಅಂತ ಹೇಗೆ ಹೇಳೋದು?

ಆಮ್ಲಜನಕರಹಿತ:
ಹೋಲಿಕೆ ಬಾವಿ ಇಲ್ಲದೆ ಹೇಳೋಕಾಗದು. ಯಾವ ಬಾವಿಯನ್ನೇ ಆಗಲಿ ಎರಡು ವಾರ ಮುಚ್ಚಿ ತೆರೆದರೆ ಮೊದಮೊದಲು ಎಣ್ಣೆ ಜಾಸ್ತಿ ಬರುವುದು ಸಹಜ: ಒತ್ತಡ ಚೇತರಿಸಿಕೊಂಡಿರುತ್ತದೆ, ಎಣ್ಣೆ ಮೇಲಕ್ಕೆ, ನೀರು ಕೆಳಕ್ಕೆ ಬೇರ್ಪಟ್ಟಿರುತ್ತದೆ. ಆ ಮೊದಲ ದಿನಗಳ ಅಂಕಿಯನ್ನು ಯಶಸ್ಸು ಅಂತ ವರದಿ ಮಾಡುವುದು ಈ ಕ್ಷೇತ್ರಕ್ಕೆ ಬಹಳ ಕೆಟ್ಟ ಹೆಸರು ತಂದಿದೆ.

ಒಕ್ಲಹೋಮಾದ ಬೀಬೀ ಫೀಲ್ಡ್‌ನ ಪ್ರಯೋಗ, 2007ರಲ್ಲಿ ಪ್ರಕಟವಾದದ್ದು, ಒಳ್ಳೆಯ ಮಾದರಿ. ಐದು ಬಾವಿ: ಎರಡಕ್ಕೆ ಬ್ಯಾಸಿಲಸ್ ಮತ್ತು ಆಹಾರ, ಎರಡಕ್ಕೆ ಬರೀ ಆಹಾರ, ಒಂದಕ್ಕೆ ಬರೀ ಪದರದ ನೀರು. ಬ್ಯಾಸಿಲಸ್ ಹೋದ ಬಾವಿಗಳ ನೀರಿನಲ್ಲಿ ಸರಾಸರಿ 90 ಮಿಲಿಗ್ರಾಂ/ಲೀಟರ್ ಲಿಪೊಪೆಪ್ಟೈಡ್ (ಸರ್ಫ್ಯಾಕ್ಟಿನ್ ಥರದ ಸೋಪಿನಂಥ ವಸ್ತು) ಸಿಕ್ಕಿತು, ಎಣ್ಣೆ ಕದಲಿಸಲು ಬೇಕಾದ ಕನಿಷ್ಠಕ್ಕಿಂತ ಸುಮಾರು ಒಂಬತ್ತು ಪಟ್ಟು. ಬ್ಯಾಕ್ಟೀರಿಯಾ ಪದರದಲ್ಲೇ ಅದನ್ನು ತಯಾರಿಸಿದವು ಅಂತ ಹೇಳೋಕೆ ಆ ಉಳಿದ ಮೂರು ಬಾವಿಗಳೇ ಬಲ.

ಪ್ರಯೋಗಾಲಯದಲ್ಲೂ ಹಾಗೇ. 30 ಸೆಂಟಿಮೀಟರ್ ಉದ್ದ, 3.8 ಸೆಂಟಿಮೀಟರ್ ವ್ಯಾಸದ, ಮರಳು ತುಂಬಿದ ಕೊಳವೆಯ ರಂಧ್ರಗಳು ಸುಮಾರು 120 ಮಿಲಿಲೀಟರ್ ಹಿಡಿಯುತ್ತವೆ. ಅಂಥ ಮೂರು ಬೇಕು: ಜೀವಂತ ಕಲ್ಚರ್, ಕೊಂದ ಕಲ್ಚರ್ ಜೊತೆ ಅದೇ ಆಹಾರ, ಬರೀ ಉಪ್ಪುನೀರು. ಮೂರನ್ನೂ ಅಷ್ಟೇ ದಿನ ಮುಚ್ಚಿಡಿ. ಸಡಿಲ ಮರಳು ಹಲವು ಡಾರ್ಸಿ, ನಿಮ್ಮ ಬಂಡೆ 0.18 ಡಾರ್ಸಿ, ಆ ಶೇಕಡಾವಾರು ಅಂಕಿಯನ್ನು ನೇರವಾಗಿ ಬಾವಿಗೆ ಹಚ್ಚಬೇಡಿ.

ರಂಧ್ರಲೆಕ್ಕ:
ಫೀಲ್ಡ್‌ನಲ್ಲಿ ಇನ್ನೊಂದು ಸೇರಿಸಿ. ಹೋಲಿಕೆ ಬಾವಿಯನ್ನೂ ಅದೇ ದಿನ ಮುಚ್ಚಿ, ಅದೇ ಗಾತ್ರದ ಬರೀ ಉಪ್ಪುನೀರು ಇಳಿಸಿ, ಅದೇ ದಿನ ತೆರೆಯಿರಿ. ಕಳೆದ 12 ತಿಂಗಳ ಇಳಿಕೆಯ ಗೆರೆಯನ್ನು ಎರಡಕ್ಕೂ ಮೊದಲೇ ಎಳೆದು, ದಿನಾಂಕ ಹಾಕಿ, ಸಹಿ ಮಾಡಿಟ್ಟುಕೊಳ್ಳಿ. ತೆರೆದ ಮೊದಲ 30 ದಿನ ಲೆಕ್ಕಕ್ಕಿಲ್ಲ. 31ನೇ ದಿನದಿಂದ ಎರಡೂ ಬಾವಿ ತಮ್ಮ ತಮ್ಮ ಗೆರೆಯಿಂದ ಎಷ್ಟು ಮೇಲಿವೆ ನೋಡಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದದ್ದು ಎಷ್ಟೋ ಅಷ್ಟನ್ನು ಮಾತ್ರ ಬ್ಯಾಕ್ಟೀರಿಯಾದ ಹೆಸರಿಗೆ ಬರೆಯಿರಿ.